ಸತ್ತ ಮಂಗ ಏನು ಹೇಳುತ್ತದೆ?

ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಮೇಗರವಳ್ಳಿ ಆಸ್ಪತ್ರೆಗೆ ತಿಳಿಸಿ ಎನ್ನುತ್ತಾರಲ್ಲ, ಆಮೇಲೇನಾಗುತ್ತದೆ? ಪಶುವೈದ್ಯರು ಮೈ ಪೂರ್ತಿ ಮುಚ್ಚುವ ಉಡುಪು, ಕೈಗವಸು ಹಾಕಿ ಮರಣೋತ್ತರ ಪರೀಕ್ಷೆ ಮಾಡುತ್ತಾರೆ. ಮಿದುಳು, ಯಕೃತ್ತು, ಗುಲ್ಮ, ಮೂತ್ರಪಿಂಡದ ಚೂರುಗಳು ತಂಪುಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಹೋಗುತ್ತವೆ. ಹೆಣ ಕೊಳೆತರೆ ವೈರಸ್ ಸಿಗುವುದು ಕಷ್ಟ. ಆದ್ದರಿಂದ ತಿಳಿಸುವುದು ತಡವಾಗಬಾರದು. ಉಳಿದ ದೇಹವನ್ನು ಸುಡುತ್ತಾರೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲು ಹಳದಿ ಜ್ವರದ ಅನುಮಾನವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗಗಳನ್ನು ಪರೀಕ್ಷಿಸಿ ಹೊಸ ವೈರಸ್ಸನ್ನೇ ಕಂಡುಹಿಡಿದರು.

'ಮಂಗನ ಕಾಯಿಲೆ' ಎಂಬ ಹೆಸರು ಮಂಗಕ್ಕೆ ಮಾಡಿದ ಅನ್ಯಾಯವೇ ಸರಿ. ನಮಗೆ ಅಂಟಿಸುವುದು ಉಣುಗು. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ನೆಲಕ್ಕಿಳಿಯುತ್ತವೆ. ವರದಿ ಬರುವ ತನಕವಾದರೂ ಆ ಕಡೆ ದರಗು ತರಲು ಯಾರನ್ನೂ ಕಳಿಸಬೇಡಿ.