ಬಂಗಾರ ಯಾವ ಕಪಾಟಿನಲ್ಲಿದೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆ ಸುಣ್ಣಕಲ್ಲಿಗೆ, ಹಾಸುಗಲ್ಲಿಗೆ, ಸಿಮೆಂಟಿಗೆ ಹೆಸರಾದದ್ದು. ಬಂಗಾರದ ಅದಿರು ಬೇಕೆಂದರೆ ರಾಯಚೂರು ಜಿಲ್ಲೆಯ ಹಟ್ಟಿಗೇ ಹೋಗಬೇಕು. ಆದರೂ ಗ್ರಂಥಾಲಯದ ವಿಷಯಸೂಚಿಯಲ್ಲಿ ಚಿನ್ನದ ಬೆನ್ನು ಹತ್ತಿದವರು ಸುತ್ತಿ ಬಳಸಿ ಇದೇ ಸೀಮೆಗೆ ಬಂದು ಮುಟ್ಟುತ್ತಾರೆ.

ಕಪಾಟಿನಲ್ಲಿ ಬಂಗಾರ ಒಂದೆಡೆ ಇರುವುದಿಲ್ಲ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಪುಸ್ತಕಗಳನ್ನು ಶಾಸ್ತ್ರದ ಲೆಕ್ಕದಲ್ಲಿ ಜೋಡಿಸುತ್ತದೆ. ಅದಿರಿನ ಭೂವಿಜ್ಞಾನ 553.41, ಗಣಿಗಾರಿಕೆ 622.3422, ಲೋಹ ಬೇರ್ಪಡಿಸುವ ವಿದ್ಯೆ 669.22, ಅಕ್ಕಸಾಲಿಗರ ಕೆಲಸ 739.22. ತಾಮ್ರವನ್ನು ಚಿನ್ನ ಮಾಡಹೊರಟ ರಸವಾದಿಗಳಿಗೆ 540.112, ಅಂದರೆ ರಸಾಯನಶಾಸ್ತ್ರದ ಹೊಸ್ತಿಲಲ್ಲೇ ಜಾಗ. ಪಾಪ, ಅವರಿಗೆ ಅಷ್ಟಾದರೂ ಸಿಕ್ಕಿತಲ್ಲ!

ಹೀಗೆ ಚದುರಿದ್ದನ್ನು ಒಟ್ಟುಗೂಡಿಸುವುದು ವಿಷಯ ಶೀರ್ಷಿಕೆ. ಅದನ್ನು ಕೊಡುವ ಒಂದು ಸೊಗಸಾದ ಉಪಾಯ ಎಸ್.ಆರ್. ರಂಗನಾಥನ್ ಅವರದು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರೂ ಅವರೇ. ಪುಸ್ತಕದ ವರ್ಗಸಂಖ್ಯೆಯನ್ನು ಹಿಂದಿನಿಂದ ಕೊಂಡಿ ಕೊಂಡಿಯಾಗಿ ಬಿಡಿಸುತ್ತ ಬರುವುದೇ ಅವರ ಸರಪಳಿ ವಿಧಾನ. 622.3422 ಎಂಬುದನ್ನು ಬಿಡಿಸಿದರೆ ಮೊದಲು ‘ಚಿನ್ನ: ಗಣಿಗಾರಿಕೆ’, ಆಮೇಲೆ ‘ಲೋಹಗಳು: ಗಣಿಗಾರಿಕೆ’, ಕೊನೆಗೆ ಬರೀ ‘ಗಣಿಗಾರಿಕೆ’. ಓದುಗರು ಯಾವ ಕೊಂಡಿ ಹಿಡಿದರೂ ಪುಸ್ತಕ ಕೈಗೆ ಬರುತ್ತದೆ. ‘ಬಂಗಾರ’ ಎಂದು ಹುಡುಕಿದವರಿಗೆ ‘ಚಿನ್ನ ನೋಡಿ’ ಎಂಬ ಕೈಮರ. ಗಣಿ ನೋಡಿದವರಿಗೆ ‘ನಾಣ್ಯಗಳನ್ನೂ ನೋಡಿ’ ಎಂಬ ಇನ್ನೊಂದು.

ಇನ್ನು ಚಿನ್ನದಿಂದ ಸುಣ್ಣಕಲ್ಲಿನ ಸೀಮೆಗೆ ಬರುವ ಆ ಸುತ್ತುದಾರಿ. 1915ರಲ್ಲಿ, ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಬಂಡೆಯ ಮೇಲಿನ ಅಕ್ಷರ ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಆ ಶಾಸನದಿಂದ ಖಚಿತವಾಯಿತು. ಗಣಿಯ ಶೀರ್ಷಿಕೆಯಿಂದ ಮಸ್ಕಿ, ಮಸ್ಕಿಯಿಂದ ‘ಅಶೋಕನ ಶಾಸನಗಳು’, ಅಲ್ಲಿಂದ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಅಲ್ಲಿನ ಶಾಸನ ಕಾಳಿ ವಿಗ್ರಹದ ಪೀಠಕ್ಕೆ ಬಳಸಿದ್ದ ಚಪ್ಪಡಿಯಲ್ಲಿತ್ತು. ಪಕ್ಕದ ಕನಗನಹಳ್ಳಿಯಲ್ಲಿ ‘ರಾಯ ಅಶೋಕ’ ಎಂಬ ಬರಹವಿರುವ ದೊರೆಯ ಶಿಲ್ಪವೇ ಸಿಕ್ಕಿದೆ.

ಸೇಡಂ ತಾಲ್ಲೂಕಿನ ಮಳಖೇಡದ ಬಂಗಾರ ಇಷ್ಟು ಸಲೀಸಾಗಿ ಸಿಗದು. ಅಲ್ಲಿಂದ ಆಳಿದ ರಾಷ್ಟ್ರಕೂಟರ ಮೂರನೆಯ ಇಂದ್ರ ಪಟ್ಟಬಂಧದ ಹೊತ್ತಿನಲ್ಲಿ ತನ್ನ ತೂಕದಷ್ಟು ಬಂಗಾರ ಕೊಡುವ ತುಲಾಪುರುಷ ದಾನಕ್ಕೆಂದು ತಕ್ಕಡಿ ಏರಿದ್ದನ್ನು ಬಗುಮ್ರಾ ತಾಮ್ರಶಾಸನ ಹೇಳುತ್ತದೆ. ಅದರ ಕಥೆಯಿರುವ ಪುಸ್ತಕ ಭಾರತದ ಇತಿಹಾಸದ 954ರಲ್ಲಿ ಕೂತಿರುತ್ತದೆ. ಸೂಚಿಕಾರರು ಒಳಪುಟ ತಿರುವಿ ‘ತುಲಾಪುರುಷ’, ‘ಸ್ವರ್ಣದಾನ’ ಎಂದು ಶೀರ್ಷಿಕೆ ಕೊಡದೆ ‘ರಾಷ್ಟ್ರಕೂಟರು’ ಎಂದಷ್ಟೇ ಬರೆದು ಮುಗಿಸಿದ್ದರೆ, ಚಿನ್ನವೆಂದು ಹುಡುಕಿದ ಸೇಡಂನ ವಿದ್ಯಾರ್ಥಿಗೆ ಸೂಚಿ ಹಟ್ಟಿಯನ್ನು ತೋರಿಸೀತೇ ಹೊರತು ಮಳಖೇಡವನ್ನಲ್ಲ.