ನಿಮಗಿದು ಗೊತ್ತೆ? ಒಲವಿಗಾಗಿ ಚಪ್ಪರ ಕಟ್ಟುವ ಹಕ್ಕಿ

ಪೂರ್ವ ಆಸ್ಟ್ರೇಲಿಯಾದ ಕಾಡುಗಳಲ್ಲಿ ಸ್ಯಾಟಿನ್ ಬೋವರ್‌ಬರ್ಡ್ ಎಂಬ ಹಕ್ಕಿಯಿದೆ. ಇದರ ಗಂಡು, ಕಡ್ಡಿಗಳನ್ನು ನೆಲಕ್ಕೆ ನೆಟ್ಟು ಎರಡು ಗೋಡೆಗಳ ಪುಟ್ಟ ಚಪ್ಪರ ಕಟ್ಟುತ್ತದೆ.

● ಇದು ಗೂಡಲ್ಲ, ಹೆಣ್ಣನ್ನು ಒಲಿಸಿಕೊಳ್ಳುವ ರಂಗಸ್ಥಳ. ಮೊಟ್ಟೆಯಿಡುವ ಗೂಡನ್ನು ಹೆಣ್ಣು ಬೇರೆಡೆ ತಾನೇ ಕಟ್ಟಿ, ಮರಿಗಳನ್ನು ಒಂಟಿಯಾಗಿ ಸಾಕುತ್ತದೆ.

● ಗಂಡು ನೀಲಿ ಹೂವು, ಗರಿ, ಬಾಟಲಿ ಮುಚ್ಚಳಗಳನ್ನು ಹೆಕ್ಕಿ ತಂದು ಚಪ್ಪರದ ಮುಂದೆ ಹರಡುತ್ತದೆ. ಅಗಿದ ಸೊಪ್ಪಿಗೆ ಎಂಜಲು ಬೆರೆಸಿ ಗೋಡೆಗೆ ಬಣ್ಣ ಬಳಿಯುತ್ತದೆ.

● ಹೆಣ್ಣು ಹಲವು ಚಪ್ಪರಗಳನ್ನು ಸುತ್ತಿ, ಗಂಡಿನ ಕುಣಿತವನ್ನೂ ನೋಡಿ ಸಂಗಾತಿಯನ್ನು ಆರಿಸುತ್ತದೆ.

● ಚಾರ್ಲ್ಸ್ ಡಾರ್ವಿನ್ 1871ರ ‘ದಿ ಡಿಸೆಂಟ್ ಆಫ್ ಮ್ಯಾನ್’ ಕೃತಿಯಲ್ಲಿ ಬೋವರ್‌ಬರ್ಡ್‌ಗಳ ಬಗ್ಗೆ ಬರೆದಿದ್ದಾರೆ. ಮನುಷ್ಯನ ಸಂಗೀತದ ಬೇರೂ ಸಂಗಾತಿಯನ್ನು ಒಲಿಸುವ ಹಂಬಲದಲ್ಲೇ ಇದೆ ಎಂಬುದು ಅವರ ವಾದವಾಗಿತ್ತು.