ದುಡ್ಡು ಕೊಟ್ಟ ಆಟ ನಿಮ್ಮದೇನಾ?

ಲೋಕಲ್ ರೈಲಿನಲ್ಲೋ ಮೆಟ್ರೋದಲ್ಲೋ ನೇತಾಡಿಕೊಂಡು ಇದನ್ನು ಓದುತ್ತಿದ್ದರೆ ಅಕ್ಕಪಕ್ಕದವರ ಫೋನಿನತ್ತ ಒಮ್ಮೆ ಕಣ್ಣು ಹಾಯಿಸಿ. ಒಬ್ಬರಾದರೂ ಯಾವುದೋ ಆಟದಲ್ಲಿ ಮುಳುಗಿರುತ್ತಾರೆ. ಆ ಆಟ ಅವರ ಸ್ವಂತದ್ದಾ, ಬಾಡಿಗೆಯದ್ದಾ? ದುಡ್ಡು ಕೊಟ್ಟು ತಗೊಂಡಿದ್ದರೂ ಈ ಪ್ರಶ್ನೆ ಕೇಳಬೇಕಾಗಿದೆ. ಈ ಸಲ ಅದೇ ಮಾತು.

ಮೊದಲು ಆಡಿದ್ದರ ಲೆಕ್ಕ ಒಪ್ಪಿಸಿಬಿಡುತ್ತೇನೆ. ಈ ತಿಂಗಳು ಹೊಸದೇನನ್ನೂ ಕೊಳ್ಳದೆ ಹಳೆಯ 'ರಾಜಿ'ಯನ್ನೇ ಮತ್ತೆ ಹೊರತೆಗೆದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಪುಟ್ಟ ತಂಡ ಕಟ್ಟಿ 2020ರಲ್ಲಿ ಬಿಡುಗಡೆ ಮಾಡಿದ ಆಟ ಇದು. ಸರ್ಕಸ್ ಹುಡುಗಿ ರಾಜಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಡುತ್ತಾಳೆ. ಕಥೆ ಹೇಳುವವರು ಯಾರು ಗೊತ್ತಾ? ದುರ್ಗೆ ಮತ್ತು ವಿಷ್ಣು! ಮೇಲೆ ಕೂತು ಇವಳ ಪಾಡನ್ನು ನೋಡುತ್ತಾ ಇಬ್ಬರೂ ಮಾತಾಡಿಕೊಳ್ಳುತ್ತಾರೆ. ನಡುನಡುವೆ ಕಥೆ ತೊಗಲುಗೊಂಬೆಯಾಟದಂಥ ದೃಶ್ಯಗಳಲ್ಲಿ ಸಾಗುತ್ತದೆ. ಊರಿನಲ್ಲಿ ಗೊಂಬೆಯಾಟ ನೋಡಿ ಬೆಳೆದವರಿಗೆ ಅಲ್ಲಿ ಸ್ವಲ್ಪ ಹೊತ್ತು ಕೈ ನಿಂತುಹೋಗುತ್ತದೆ. ಹೊಡೆದಾಟ ಅಲ್ಲಲ್ಲಿ ಒರಟು, ಆಟವೂ ಚಿಕ್ಕದು, ಎರಡು ಭಾನುವಾರಕ್ಕೆ ಸಾಕು. ಆದರೂ ಆಡಿ.

ಇಲ್ಲಿ ಗಮನಿಸಬೇಕಾದ್ದು ಬೇರೆ. ನೆಟ್ ಇಲ್ಲದಿದ್ದರೂ ರಾಜಿ ಓಡುತ್ತಾಳೆ. ಒಮ್ಮೆ ಯಂತ್ರಕ್ಕೆ ಇಳಿಸಿಕೊಂಡರೆ ಮುಗಿಯಿತು, ಆಟ ನಡೆಸಲು ಯಾರನ್ನೂ ಕೇಳಬೇಕಾಗಿಲ್ಲ. ಎಲ್ಲ ಆಟಗಳೂ ಹೀಗೇ ಅಂದುಕೊಂಡಿದ್ದರೆ 'ದಿ ಕ್ರೂ' ಕಥೆ ಕೇಳಿ.

ಇದು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯ ಕಾರ್ ರೇಸ್ ಆಟ. ಪುಣೆ, ಮುಂಬೈ ಕೇಳುಗರಿಗೆ ಈ ಹೆಸರು ಹೊಸದಲ್ಲ, ಎರಡೂ ಊರಿನಲ್ಲಿ ಕಂಪನಿ ಸ್ಟುಡಿಯೋ ತೆರೆದಿದೆ. ಆಟ ಬಂದದ್ದು 2014ರ ಡಿಸೆಂಬರ್‌ನಲ್ಲಿ. ಇಡೀ ಅಮೆರಿಕವನ್ನು ಕುಗ್ಗಿಸಿ ಒಂದೇ ನಕ್ಷೆಯಲ್ಲಿ ಕೂರಿಸಿದ್ದರು. ಈ ಕರಾವಳಿಯಿಂದ ಆ ಕರಾವಳಿಗೆ ಮುಕ್ಕಾಲು ಗಂಟೆಯ ಆಸುಪಾಸು ಡ್ರೈವ್. ರೇಸ್ ಗೀಸ್ ಬೇಡ ಅಂದವರು ಸುಮ್ಮನೆ ಮರುಭೂಮಿಯಲ್ಲೋ ಹಿಮದಲ್ಲೋ ಗಾಡಿ ಓಡಿಸಿಕೊಂಡು ಹೋಗಬಹುದಿತ್ತು. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಂತಿತು. 2024ರ ಮಾರ್ಚ್ 31ಕ್ಕೆ ಕಂಪನಿ ಸರ್ವರ್ ಆರಿಸಿತು. ಅಷ್ಟೇ, ಆಟ ಸತ್ತಿತು. ಒಬ್ಬರೇ ಕೂತು ಆಡುವ ಭಾಗವೂ ಸತ್ತಿತು. ಅಂಗಡಿಯಿಂದ ಡಿಸ್ಕ್ ತಂದಿಟ್ಟುಕೊಂಡವರ ಕೈಯಲ್ಲಿ ಉಳಿದದ್ದು ಹೊಳೆಯುವ ಒಂದು ತಟ್ಟೆ. ಮುಂದಿನ ತಿಂಗಳೇ ಇನ್ನೊಂದು ಪೆಟ್ಟು ಬಿತ್ತು. ಕಂಪನಿಯ ಖಾತೆಗೆ ಹೋಗಿ ನೋಡಿದ ಆಟಗಾರರಿಗೆ ಆ ಆಟದ ಲೈಸೆನ್ಸೇ ರದ್ದಾಗಿದೆ ಎಂದು ತಿಳಿಯಿತು.

ಒಬ್ಬನೇ ಕಾರು ಓಡಿಸುವುದಕ್ಕೆ ಸರ್ವರ್ ಯಾಕೆ ಬೇಕು ಅಂತೀರಾ? ಸರ್ವರ್ ಅಂದರೆ ದೂರದಲ್ಲೆಲ್ಲೋ ಇರುವ ಕಂಪನಿಯ ಕಂಪ್ಯೂಟರ್. ಇಂಥ ಆಟದಲ್ಲಿ ಕೆಲಸ ಎರಡು ಕಡೆ ಹಂಚಿಹೋಗಿರುತ್ತದೆ. ರಸ್ತೆ, ಕಾರು, ಮರ, ಮಳೆ ತೋರಿಸುವುದು ನಿಮ್ಮ ಯಂತ್ರ. ನೀವು ಯಾರು, ಎಷ್ಟು ದೂರ ಬಂದಿದ್ದೀರಿ, ನಿಮ್ಮ ಗ್ಯಾರೇಜಿನಲ್ಲಿ ಯಾವ ಕಾರಿದೆ ಎಂಬ ಜಮಾಖರ್ಚು ಬರೆದಿಡುವುದು ಸರ್ವರ್. ಆಟ ಶುರುವಾಗುವಾಗಲೇ ನಿಮ್ಮ ಯಂತ್ರ ಅಲ್ಲಿಗೆ ಫೋನ್ ಹಚ್ಚುತ್ತದೆ. ಆ ಕಡೆ ಯಾರೂ ಎತ್ತದಿದ್ದರೆ ಬಾಗಿಲು ತೆರೆಯುವುದಿಲ್ಲ.

ರೇಡಿಯೋ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಸೆಟ್ ನಿಮ್ಮ ಮನೆಯದ್ದು. ಯಾವ ಹಾಡು ಯಾವಾಗ ಅಂತ ನಿಮ್ಮಿಷ್ಟ, ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ತಿರುಗಿಸಿದರೆ ಆಯಿತು. ರೇಡಿಯೋ ಸೆಟ್ಟೂ ನಿಮ್ಮದೇ. ಆದರೆ ಹಾಡು ನಿಲಯದ್ದು. ನಾವು ಇಲ್ಲಿ ಸ್ವಿಚ್ ಆರಿಸಿದರೆ ನಿಮಗೆ ಸಿಗುವುದು ಬರೀ ಗೊರಗೊರ. ಆದರೆ ಹಾಡು ಸ್ವಂತದ್ದು ಎಂದು ಹೇಳಿ ನಾವು ನಿಮ್ಮಿಂದ ದುಡ್ಡು ಇಸಿದುಕೊಂಡಿಲ್ಲ ಸ್ವಾಮಿ! ಗೇಮ್ ಕಂಪನಿಗಳು ಕ್ಯಾಸೆಟ್ ಅಂತ ಮಾರಿದ್ದು ಆಮೇಲೆ ರೇಡಿಯೋ ಎಂದು ಗೊತ್ತಾದರೆ ಹೇಗಿರುತ್ತದೆ? ತೊಂಬತ್ತರ ದಶಕದ ಟಿವಿ ಗೇಮ್ ನೆನಪಿದೆಯಲ್ಲ, ಒಂದೇ ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟ ಅಂತ ಸುಳ್ಳು ಬರೆದುಕೊಂಡಿರುತ್ತಿದ್ದುದು? ಅದು ನಕಲಿ ಮಾಲೇ ಇರಬಹುದು. ಆದರೂ ಬಾಯಿಂದ ಊದಿ ತೂರಿಸಿದರೆ ಇವತ್ತಿಗೂ ಓಡುತ್ತದೆ.

ಹಾಗಾದರೆ ನಾವು ಕೊಡುವ ದುಡ್ಡು ಯಾವುದಕ್ಕೆ? ಉದ್ದುದ್ದ ಕರಾರು ಪತ್ರದಲ್ಲಿ, ನಾವ್ಯಾರೂ ಓದದೆ 'ಒಪ್ಪಿದ್ದೇನೆ' ಎಂದು ಒತ್ತುವ ಜಾಗದಲ್ಲಿ, ಉತ್ತರವಿದೆ. ನೀವು ಕೊಳ್ಳುವುದು ಆಟವನ್ನಲ್ಲ, ಆಡಲು ಅನುಮತಿಯನ್ನು. ಇಷ್ಟು ವರ್ಷ ಸಣ್ಣ ಅಕ್ಷರದಲ್ಲಿದ್ದ ಈ ಸಂಗತಿಯನ್ನು ಕ್ಯಾಲಿಫೋರ್ನಿಯಾ ದೊಡ್ಡ ಅಕ್ಷರಕ್ಕೆ ತಂದಿತು. ಅಲ್ಲಿ 2024ರಲ್ಲಿ ಸಹಿಯಾಗಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಕೊಡುತ್ತಿರುವುದು ಬರೀ ಲೈಸೆನ್ಸ್ ಆಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳದೆ 'ಕೊಳ್ಳಿ' ಎಂಬ ಪದ ಬಳಸುವಂತಿಲ್ಲ. ಪೂರ್ತಿಯಾಗಿ ಇಳಿಸಿಕೊಂಡು ನೆಟ್ ಇಲ್ಲದೆ ಶಾಶ್ವತವಾಗಿ ಬಳಸಬಹುದಾದ ಮಾಲಿಗೆ ಈ ನಿಯಮವಿಲ್ಲ. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿ ಸ್ಟೀಮ್ 2024ರ ಅಕ್ಟೋಬರ್‌ನಲ್ಲೇ, ದುಡ್ಡು ಕಟ್ಟುವ ಮುಂಚಿನ ಪುಟದಲ್ಲಿ ಈ ಅರ್ಥದ ಒಂದು ಸಾಲು ಸೇರಿಸಿತು. ಕಾನೂನು ಯಾವ ಆಟವನ್ನೂ ಉಳಿಸುವುದಿಲ್ಲ, ನಿಜ. ಬೋರ್ಡ್ ಮಾತ್ರ ಸರಿಯಾಗಿ ಬರೆಯಿರಿ ಅನ್ನುತ್ತದೆ. ನನ್ನ ಪ್ರಕಾರ ಅದೂ ಸಣ್ಣ ಕೆಲಸವಲ್ಲ.

ಆಟ ಉಳಿಸುವ ಬೇಡಿಕೆ ಬಂದದ್ದು ಇನ್ನೊಂದು ಕಡೆಯಿಂದ. ದಿ ಕ್ರೂ ಮುಚ್ಚಿದ ಬೆನ್ನಿಗೇ ರಾಸ್ ಸ್ಕಾಟ್ ಎಂಬ ಯೂಟ್ಯೂಬಿಗ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಶುರುಮಾಡಿದರು. ಯುರೋಪ್ ಒಕ್ಕೂಟದಲ್ಲಿ ಒಂದು ಏರ್ಪಾಡಿದೆ: ಒಂದು ವರ್ಷದೊಳಗೆ ಹತ್ತು ಲಕ್ಷ ನಾಗರಿಕರ ಸಹಿ ಕೂಡಿಸಿದರೆ ಅಲ್ಲಿನ ಆಯೋಗ ಆ ಬೇಡಿಕೆಯನ್ನು ಪರಿಶೀಲಿಸಿ ಉತ್ತರ ಕೊಡಲೇಬೇಕು. 2024ರ ಜುಲೈ ಕೊನೆಗೆ ಶುರುವಾದ ಸಹಿ ಸಂಗ್ರಹ ತಿಂಗಳುಗಟ್ಟಲೆ ಕುಂಟಿತು. ಕೊನೆಗಾಲದಲ್ಲಿ ಹಿಡಿದ ವೇಗ ಮಾತ್ರ ಕೇಳಬೇಡಿ, 2025ರ ಜುಲೈ ಮುಗಿಯುವ ಹೊತ್ತಿಗೆ 14 ಲಕ್ಷ ದಾಟಿತ್ತು. ವಿಡಿಯೋ ಗೇಮಿಗಾಗಿ ಅಷ್ಟೊಂದು ಜನ ಹೆಸರು ಬರೆದು ಸಹಿ ಹಾಕಿದ್ದಾರೆ ಅಂದರೆ, ಇದು ಬರೀ ಮಕ್ಕಳಾಟದ ವಿಷಯವಲ್ಲ ಅಂತಲೇ ಅಲ್ಲವೇ?

ಅವರು ಕೇಳುತ್ತಿರುವುದು ಏನು ಎಂಬುದನ್ನು ಅನೇಕರು ತಪ್ಪು ತಿಳಿದಿದ್ದಾರೆ. ಸರ್ವರನ್ನು ಕೊನೆತನಕ ನಡೆಸಿ ಎಂದು ಯಾರೂ ಹೇಳುತ್ತಿಲ್ಲ. ಅಂಗಡಿ ಮುಚ್ಚುವ ದಿನ ಬಂದರೆ ಮುಚ್ಚಿ, ಆದರೆ ಮುಚ್ಚುವ ಮುಂಚೆ ಆಟ ಹೇಗಾದರೂ ನಡೆಯುವ ಸ್ಥಿತಿಯಲ್ಲಿ ಬಿಟ್ಟುಹೋಗಿ, ಇಷ್ಟೇ. ಒಬ್ಬರೇ ಆಡುವ ಭಾಗಕ್ಕೆ ಸರ್ವರ್ ಹಂಗು ತಪ್ಪಿಸಬಹುದು. ಇಲ್ಲವೇ ಆಟಗಾರರೇ ತಮ್ಮ ಸರ್ವರ್ ನಡೆಸಿಕೊಳ್ಳಲು ಬಿಡಬಹುದು.

ಕಂಪನಿಗಳ ವಾದವನ್ನೂ ಕೇಳೋಣ. ಅವುಗಳ ಯುರೋಪಿನ ಸಂಘ ವಿಡಿಯೋ ಗೇಮ್ಸ್ ಯುರೋಪ್ 2025ರ ಜುಲೈನಲ್ಲಿ ಹೇಳಿದ್ದು ಹೀಗೆ: ಖಾಸಗಿ ಸರ್ವರ್‌ಗಳಲ್ಲಿ ಆಟಗಾರರ ಮಾಹಿತಿಗೆ ನಾವು ಕೊಡುವ ರಕ್ಷಣೆ ಇರುವುದಿಲ್ಲ, ಅಲ್ಲಿ ಕಾನೂನುಬಾಹಿರ ವಿಷಯ ಹರಿದಾಡಿದರೆ ಹೊಣೆ ನಮ್ಮ ತಲೆಗೆ ಬರಬಹುದು, ಅನೇಕ ಆಟಗಳು ಬುಡದಿಂದಲೇ ಆನ್‌ಲೈನ್‌ಗಾಗಿ ಕಟ್ಟಿದವು, ಹೀಗೆ ಕಡ್ಡಾಯ ಮಾಡಿದರೆ ಖರ್ಚು ತೀರಾ ಏರುತ್ತದೆ. ಸಾವಿರಾರು ಜನ ಒಟ್ಟಿಗೆ ಸೇರುವ ಆಟಗಳ ಮಟ್ಟಿಗೆ ಇದರಲ್ಲಿ ಹುರುಳಿದೆ. ಜಾತ್ರೆಯನ್ನು ಮಡಚಿ ಮನೆಗೆ ಕೊಡಿ ಅಂದರೆ ಹೇಗೆ ಕೊಟ್ಟಾರು? ಆದರೆ ಖಾಲಿ ರಸ್ತೆಯಲ್ಲಿ ಒಬ್ಬನೇ ಕಾರು ಓಡಿಸುವುದಕ್ಕೂ ಅದೇ ನೆಪ ಹೇಳಿದರೆ ನಾನಂತೂ ಒಪ್ಪಲಾರೆ. ಅದೇ ಯೂಬಿಸಾಫ್ಟ್, ಗಲಾಟೆಯ ನಂತರ 2024ರ ಸೆಪ್ಟೆಂಬರ್‌ನಲ್ಲಿ, ಇದೇ ಸರಣಿಯ ಮುಂದಿನ ಎರಡು ಆಟಗಳಿಗೆ ಆಫ್‌ಲೈನ್ ವ್ಯವಸ್ಥೆ ಕೊಡುವುದಾಗಿ ಘೋಷಿಸಿತು. 2025ರಲ್ಲಿ ಅಭಿಮಾನಿಗಳ ತಂಡವೊಂದು ತಾನೇ ಸರ್ವರಿನ ಅನುಕರಣೆ ಕಟ್ಟಿ, ಸತ್ತ ಮೊದಲ ಆಟವನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ಕೂರಿಸಿತು. ಸಂಬಳವಿಲ್ಲದ ಹುಡುಗರ ಕೈಲಾದದ್ದು ಅಷ್ಟು ದೊಡ್ಡ ಕಂಪನಿಯ ಕೈಲಾಗದೆ?

ದುಡ್ಡು ವಾಪಸ್ ಕೊಟ್ಟವರೂ ಇದ್ದಾರೆ. ಸೋನಿಯ 'ಕಾನ್‌ಕಾರ್ಡ್' 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು, ಎರಡೇ ವಾರ! ಕೊಂಡವರಿಗೆ ಹಣ ಮರಳಿತು. ಗೂಗಲ್‌ನ ಸ್ಟೇಡಿಯಾ 2023ರ ಜನವರಿಯಲ್ಲಿ ಬಾಗಿಲು ಹಾಕುವಾಗ ಆಟಗಳ ದುಡ್ಡು ಹಿಂದಿರುಗಿಸಿತು. ಹತ್ತು ವರ್ಷ ನಡೆದ ಆಟಕ್ಕೆ ಪೂರ್ತಿ ದುಡ್ಡು ಕೇಳುವುದು ನ್ಯಾಯವಲ್ಲ ಅನ್ನಿ. ಆದರೆ ಎಷ್ಟು ವರ್ಷ ನಡೆಯುತ್ತದೆ ಎಂದು ಮಾರುವಾಗಲೇ ಹೇಳಬಹುದಲ್ಲ.

ನಮ್ಮ ದೇಶದಲ್ಲಿ ಈ ಪಾಠ ಬೇರೆ ದಾರಿಯಿಂದ ಬಂತು. 2020ರ ಸೆಪ್ಟೆಂಬರ್ 2ರಂದು ಸರ್ಕಾರ 118 ಆಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿ ಮೊಬೈಲ್ ಕೂಡ ಆ ಪಟ್ಟಿಯಲ್ಲಿತ್ತು. ಮೊದಲು ಅಂಗಡಿಯಿಂದ ಮರೆಯಾಯಿತು. ಫೋನಿನಲ್ಲಿ ಇದ್ದವರು ಆಡುತ್ತಲೇ ಇದ್ದರು. ಅಕ್ಟೋಬರ್ 30ಕ್ಕೆ ಭಾರತದ ಸೇವೆ ನಿಂತಿತು, ಎಲ್ಲ ಬಂದ್. ಬಟ್ಟೆ, ಬಂದೂಕಿನ ಬಣ್ಣ ಎಂದು ಪಾಕೆಟ್ ಮನಿ ಸುರಿದಿದ್ದ ಮಕ್ಕಳ ಮುಖ ಆ ದಿನ ಹೇಗಿತ್ತು ಎಂದು ಅಪ್ಪ ಅಮ್ಮಂದಿರಿಗೆ ನೆನಪಿರಬಹುದು. 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಬಿಜಿಎಂಐ ತಂದು, ಹಳೆಯ ಖಾತೆಯ ಸಾಮಾನನ್ನು ಗಡುವಿನೊಳಗೆ ಸಾಗಿಸಿಕೊಳ್ಳಲು ಅವಕಾಶ ಕೊಟ್ಟಿತು. 2022ರ ಜುಲೈನಲ್ಲಿ ಅದೂ ಅಂಗಡಿಯಿಂದ ಮಾಯವಾಗಿ 2023ರ ಮೇನಲ್ಲಿ ಮರಳಿತು. ಅಂಗಡಿಯಿಂದ ತೆಗೆಯುವುದು ಒಂದು, ಸರ್ವರ್ ಆರಿಸುವುದು ಇನ್ನೊಂದು ಎಂಬ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ. ಮೊದಲನೆಯದರಲ್ಲಿ ಹೊಸಬರಿಗೆ ಸಿಗುವುದಿಲ್ಲ, ಎರಡನೆಯದರಲ್ಲಿ ಯಾರಿಗೂ ಇಲ್ಲ.

ಹೋದರೆ ಹೋಗಲಿ, ಆಟ ತಾನೇ ಅನ್ನುವವರಿಗೆ ಒಂದು ಮಾತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಚಿತ್ರೀಕರಣವಾದದ್ದು ಕೊಲ್ಹಾಪುರದಲ್ಲಿ. ಅದರ ಒಂದು ಪ್ರಿಂಟೂ ಇವತ್ತು ನಮಗೆ ನೋಡಲು ಉಳಿದಿಲ್ಲ. ಆ ಕಾಲದಲ್ಲಿ ಯಾರಿಗೂ ಅದು ಕಾಪಿಡುವ ವಸ್ತು ಅನ್ನಿಸಲಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಹೊರತಂದಿತು: 2010ಕ್ಕಿಂತ ಮೊದಲು ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ಆಟವಾದರೆ ಯಾರದೋ ಅಟ್ಟದ ಮೇಲೆ ಕ್ಯಾಸೆಟ್ ಸಿಕ್ಕೀತು. ಸರ್ವರ್ ನಂಬಿದ ಆಟಕ್ಕೆ ಅಟ್ಟವೂ ಇಲ್ಲ.

ಈಗ ನಿಮ್ಮ ಕೈಲಾಗುವುದನ್ನು ನೋಡೋಣ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದ್ದರಿಂದ ಆಟ ಇಳಿಸಿಕೊಂಡು ಒಮ್ಮೆ ತೆರೆದಾದ ಮೇಲೆ ಮನೆಯ ವೈಫೈ ಆರಿಸಿ, ಮತ್ತೆ ಶುರುಮಾಡಿ ನೋಡಿ. ಓಡಿದರೆ ಸರಿ. 'ಸರ್ವರ್ ಸಂಪರ್ಕ ಇಲ್ಲ' ಅಂದರೆ ಅದು ರೇಡಿಯೋ, ಕ್ಯಾಸೆಟ್ ಅಲ್ಲ. ಬೇಕೋ ಬೇಡವೋ ಆಮೇಲೆ ನಿಮ್ಮಿಷ್ಟ. ಫೋನಿನ ಆಟವಾದರೆ ಏರೋಪ್ಲೇನ್ ಮೋಡ್ ಹಾಕಿ ಇದೇ ಪರೀಕ್ಷೆ ಮಾಡಿ. ಆಟದ ಪುಟದಲ್ಲಿ ಬೇರೆ ಕಂಪನಿಯ ಖಾತೆಯೂ ಬೇಕು ಎಂದು ಬರೆದಿದ್ದರೆ ಎರಡು ಸಲ ಯೋಚಿಸಿ. ಜಿಒಜಿ ಎಂಬ ಅಂಗಡಿ ಬೀಗವಿಲ್ಲದ ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತದೆ, ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಬಹುದು. ಡಬ್ಬಿಯಲ್ಲಿ ಬಂದದ್ದೆಲ್ಲ ಪೂರ್ತಿ ಆಟ ಎಂದೂ ನಂಬಬೇಡಿ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೋ ಸ್ವಿಚ್ 2ರ ಕೆಲವು ಕಾರ್ಡ್‌ಗಳಲ್ಲಿ ಇರುವುದು ಬರೀ ಕೀಲಿ, ಆಟವನ್ನು ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. ಡಬ್ಬಿಯ ಮೇಲೆ ಹಾಗೆಂದು ಬರೆದಿರುತ್ತಾರೆ, ಓದಿ ಕೊಳ್ಳಿ.

ರಾಜಿ ಮುಗಿಯಿತು. ಮುಂದಿನ ತಿಂಗಳಿಗೆ 'ಸ್ಟಾರ್‌ಡ್ಯೂ ವ್ಯಾಲಿ' ಎತ್ತಿಟ್ಟಿದ್ದೇನೆ. ಎರಿಕ್ ಬರೋನ್ ಎಂಬಾತ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟ ಹೊಲಗದ್ದೆಯ ಆಟ. ವೈಫೈ ಆರಿಸಿ ನೋಡಿದೆ, ಮೂಲಂಗಿ ಬಿತ್ತನೆಗೆ ಯಾವ ಅಡ್ಡಿಯೂ ಆಗಲಿಲ್ಲ.